ಕಂಕನಾಡಿಯ ಗ್ಯಾರೇಜಿನವರು

ಮಕ್ಕಳೇ, ನಿಮ್ಮ ಅಮ್ಮ ಸಣ್ಣವಳಿದ್ದಾಗ ಕಂಕನಾಡಿಯಲ್ಲಿ ಒಬ್ಬರು ಮೆಕ್ಯಾನಿಕ್ ಇದ್ದರು. ಯಾವ ಗಾಡಿ ಬಂದರೂ ಬಗ್ಗಿ ಅಡಿ ನೋಡಿ, “ಇದಕ್ಕೆ ಯಾರು ಕೈ ಹಾಕಿದ್ದು?” ಎನ್ನುತ್ತಿದ್ದರು. ಚಹಾ ಕೊಟ್ಟರೆ ಅದನ್ನೂ ಮೂಸಿಯೇ ಕುಡಿಯುತ್ತಿದ್ದರು.

ಬೋಳಾರದಿಂದ ಹೆಂಚು ತರುವ ನಮ್ಮ ಪಿಕಪ್‌ನ ಅಡಿ ನೆಲಕ್ಕೆ ತಾಗುತ್ತದೆಂದು ನಿಮ್ಮ ಅಜ್ಜ ಅವರಿಂದಲೇ ಅದನ್ನು ಎತ್ತರ ಮಾಡಿಸಿದ್ದರು. ಆಮೇಲೆ ಹಿಂದಿನ ಶಾಕ್ ಅಬ್ಸಾರ್ಬರ್ ಮತ್ತೆ ಮತ್ತೆ ಎಣ್ಣೆ ಸೋರಿ ಹಾಳಾಗತೊಡಗಿತು. ಡ್ರೈವರ್ ಕದ್ದು ಹೆಚ್ಚು ಭಾರ ಹೇರುತ್ತಾನೆಂದು ಅಜ್ಜನಿಗೆ ಸಂಶಯ. ಹೌದಾದರೆ ಇವತ್ತೇ ಕೆಲಸದಿಂದ ಬಿಡಿಸುತ್ತೇನೆಂದು ಅವನನ್ನೂ ಗ್ಯಾರೇಜಿಗೆ ಕರೆತಂದರು. ನಾನು ಬಾಗಿಲ ಬದಿಯಲ್ಲಿ ನಿಂತಿದ್ದೆ.

“ಯಾರು ಕೈ ಹಾಕಿದ್ದು?” ಮೆಕ್ಯಾನಿಕ್ ಡ್ರೈವರನ್ನೇ ದಿಟ್ಟಿಸಿದರು.

“ನೀವೇ ಅಲ್ವಾ, ಎತ್ತರ ಮಾಡುವಾಗ?” ಎಂದ ಅವನು.

ಮೆಕ್ಯಾನಿಕ್ ಜಾಕ್ ಕೊಟ್ಟು ಗಾಡಿಯ ಹಿಂಭಾಗ ಎತ್ತಿದರು. ಚಕ್ರ ಇನ್ನೂ ಕೆಳಗಿಳಿಯಬೇಕಿತ್ತು; ಶಾಕ್ ಹಗ್ಗದ ಹಾಗೆ ಬಿಗಿದು ಅದನ್ನು ತಡೆದಿತ್ತು. ಮೆಕ್ಯಾನಿಕ್ ನಿಮ್ಮ ಅಜ್ಜನ ಕಡೆ ತಿರುಗಿದರು.

“ಶೆಟ್ರೇ, ಇದು ಭಾರಕ್ಕೆ ಹೋದದ್ದಲ್ಲ, ಎಳೆದು ಹೋದದ್ದು. ಗಾಡಿ ಎತ್ತರ ಮಾಡಿ ಶಾಕ್ ಹಳೇ ಉದ್ದದ್ದೇ ಬಿಟ್ಟಿದ್ದೇನೆ. ಇವನದ್ದು ತಪ್ಪು ಎಂತದೂ ಇಲ್ಲ.”

ನಿಮ್ಮ ಅಜ್ಜ ಡ್ರೈವರನ್ನು ಇಟ್ಟುಕೊಂಡರು. ಗ್ಯಾರೇಜು ಬದಲಿಸಿದರು.