ಕರೆದರೆ ಬರುವ ಊರು

ಚಿತ್ರದುರ್ಗಕ್ಕೆ ಬಂದ ಹೊಸತರಲ್ಲಿ ನಾನು ಕೊಟ್ಟ ಮೊದಲ ಊಟದಲ್ಲಿ ಮೂವರು ಅತಿಥಿಗಳು ತಟ್ಟೆ ಮುಂದಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತ ಕುಳಿತರು. ಯಾರೂ ಉಣ್ಣಲಿಲ್ಲ, ಯಾರೂ ಮಾತಾಡಲಿಲ್ಲ. ರಾಗಿಮುದ್ದೆಯ ಹಬೆ ಮಾತ್ರ ಏಳುತ್ತಿತ್ತು.

ತಪ್ಪು ನನ್ನದೇ. ನಮ್ಮ ಅಂಕೋಲೆಯಲ್ಲಿ ಗೆಳತಿ ವಿಜಯಾಳ ಮನೆಯ ಭಾನುವಾರದ ಊಟವೆಂದರೆ ಬಂಗಡೆ ಸಾರು, ಕುಚಲಕ್ಕಿ ಅನ್ನ ಮತ್ತು ಒಂದು ದೊಡ್ಡ ಪ್ರಶ್ನೆ. ಉಣ್ಣುತ್ತಲೇ ಒಬ್ಬೊಬ್ಬರಾಗಿ ಉತ್ತರಿಸಬೇಕು, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಸುತ್ತು ಮುಗಿದ ಮೇಲೆ ಎಷ್ಟು ಬೇಕಾದರೂ ಜಗಳಾಡಬಹುದು. ಗ್ರಂಥಪಾಲಕಿಯಾಗಿ ಇಲ್ಲಿನ ಕಾಲೇಜಿಗೆ ವರ್ಗವಾದಾಗ ಪಾತ್ರೆಪಗಡಿಯ ಜೊತೆ ಆ ಚಟವನ್ನೂ ಕಟ್ಟಿಕೊಂಡು ಬಂದಿದ್ದೆ.

ಬಂದವರು ಪಕ್ಕದ ಮನೆಯ ಟೈಲರ್ ಮೆಹಬೂಬಿ, ಎದುರು ಮನೆಯ ನಿವೃತ್ತ ಮೇಷ್ಟ್ರು ತಿಪ್ಪೇಸ್ವಾಮಿ, ಅವರ ಹೆಂಡತಿ ನಿಂಗಮ್ಮ. "ಕ್ಷಮೆ ಕೇಳದವರನ್ನೂ ಕ್ಷಮಿಸಬೇಕೆ?" ಎಂದು ನಾನು ಗಂಭೀರವಾಗಿ ಕೇಳಿದ್ದೆ.

ಕೊನೆಗೆ ಮೆಹಬೂಬಿ ಬಾಯಿಬಿಟ್ಟರು. "ಮುದ್ದೆ ಆರ್ತೈತೆ ಕಣಮ್ಮ. ಮೊದ್ಲು ಉಣ್ಣಾಣ, ಮಾತೇನು ಓಡೋಗ್ತೈತಾ?"

ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ, ಅದೂ ಬಿಸಿಯಿದ್ದಾಗಲೇ. ಬಾಯಿಗೆ ಎರಡು ಕೆಲಸ ಹಚ್ಚುವಂತಿಲ್ಲ. ಉಂಡು ಕೈತೊಳೆದು, ಹೊರಗಿನ ಕಟ್ಟೆಯ ಮೇಲೆ ಎಲೆಅಡಿಕೆ ಹಾಕಿಕೊಂಡ ಮೇಲೆ ನೋಡಬೇಕಿತ್ತು ಅವರನ್ನು!

"ಕೇಳ್ದೆ ಕೊಟ್ರೆ ಕ್ಷಮೆಗೆ ಬೆಲೆ ಏನೈತೆ?" ಎಂದರು ಮೇಷ್ಟ್ರು.

"ಅವ್ರು ಕೇಳೋ ತಂಕ ಸಿಟ್ಟು ಹೊತ್ಕಂಡು ತಿರುಗೋರು ನಾವಲ್ವೇನ್ರಿ?" ಎಂದರು ನಿಂಗಮ್ಮ, ಗಂಡನ ಕಡೆ ನೋಡದೆ. ಮೇಷ್ಟ್ರು ಇನ್ನೊಂದು ಎಲೆಗೆ ಸುಣ್ಣ ಹಚ್ಚತೊಡಗಿದರು. ನನಗೆ ಅಂಕೋಲೆಯೇ ಎದ್ದು ಬಂದಷ್ಟು ಖುಷಿಯಾಯಿತು. "ಇನ್ನು ಪ್ರತಿ ಭಾನುವಾರ ಬನ್ನಿ" ಎಂದೆ. ಮೂವರೂ ತಲೆಯಾಡಿಸಿದರು.

ಮುಂದಿನ ಭಾನುವಾರ ಯಾರೂ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ನಾಲ್ಕು ಮುದ್ದೆ ಕಟ್ಟಿದ್ದೆ, ಒಂದನ್ನು ತಿಂದು ಮೂರನ್ನು ನೋಡುತ್ತ ಕುಳಿತೆ. ನನ್ನ ಪ್ರಶ್ನೆ ಅತಿಯಾಯಿತೆ? ಮುದ್ದೆಯಲ್ಲಿ ಗಂಟಿತ್ತೆ? ಕಿಟಕಿಯಾಚೆ ಕೋಟೆಯ ಬಂಡೆಗಳು ಬಿಸಿಲಿಗೆ ಕಾಯುತ್ತಿದ್ದವು. ಅಷ್ಟು ಒಂಟಿತನ ನನಗೆ ಅಪ್ಪ ಸತ್ತಾಗಲೂ ಆಗಿರಲಿಲ್ಲ. ಸೋಮವಾರ ವರ್ಗಾವಣೆಯ ಅರ್ಜಿ ತುಂಬಿದೆ.

ಕಳಿಸುವ ಮೊದಲು, ಹೊಲಿಯಲು ಕೊಟ್ಟಿದ್ದ ರವಿಕೆ ತರಲು ಮೆಹಬೂಬಿಯ ಮನೆಗೆ ಹೋದೆ. ಸಿಟ್ಟು ತಡೆಯಲಾಗಲಿಲ್ಲ. "ತಲೆಯಾಡಿಸಿ ಯಾಕೆ ಬರಲಿಲ್ಲ?" ಎಂದೇ ಬಿಟ್ಟೆ.

ಅವರು ಮಿಷನ್ ನಿಲ್ಲಿಸಿದರು. "ನೀವು ಕರೀಲೇ ಇಲ್ವಲ್ಲ! ನಿಂಗಮ್ಮ ಎರಡು ವಾರ್ದಿಂದ ಒಳ್ಳೆ ಸೀರೆ ಉಟ್ಕಂಡು ಕುಂತಿದ್ಳು. ಆವತ್ತಾವತ್ತು ಬಾಗ್ಲಿಗೆ ಬಂದು 'ಬರ್ರಿ' ಅನ್ನಬೇಕು. ಕರೀದೆ ಉಣ್ಣಾಕೆ ಬರಕ್ಕೆ ನಾವೇನು ಗತಿಗೆಟ್ಟೋರಾ?"

ನಮ್ಮಲ್ಲಿ ಕರೆಯಲು ಹೋದರೆ "ನಾವೇನು ಹೊರಗಿನವರಾ?" ಎಂದು ಮುನಿಸಿಕೊಳ್ಳುತ್ತಾರೆ. ಇಲ್ಲಿ ಕರೆಯದಿದ್ದರೆ ಮುನಿಸು. ಮೂವತ್ತು ಹೆಜ್ಜೆಯ ಬೀದಿ, ಆಚೆ ಅವರು ಕಾಯುತ್ತ, ಈಚೆ ನಾನು ಕಾಯುತ್ತ. ಎಂಥ ದಡ್ಡಿ ನಾನು!

ಎರಡು ವರ್ಷವಾಯಿತು. ಈಗ ಪ್ರತಿ ಭಾನುವಾರ ಬೆಳಿಗ್ಗೆ ಬಾಗಿಲು ಬಾಗಿಲಿಗೆ ಹೋಗಿ "ಬರ್ರಿ" ಎನ್ನುತ್ತೇನೆ. ಮೊದಲು ಮುದ್ದೆ, ಆಮೇಲೆ ಪ್ರಶ್ನೆ. ಅವರೆಲ್ಲ ಎದ್ದು ಹೋದ ಮೇಲೆ ಮನೆ ಮೊದಲಿನಷ್ಟೇ ಖಾಲಿ. ಅರ್ಜಿ ಡ್ರಾಯರಿನಲ್ಲಿದೆ, ಹರಿದೂ ಇಲ್ಲ, ಕಳಿಸಿಯೂ ಇಲ್ಲ.

ಕಳೆದ ತಿಂಗಳು ಅಂಕೋಲೆಗೆ ಹೋಗಿದ್ದೆ. ಭಾನುವಾರ ಮಧ್ಯಾಹ್ನ ವಿಜಯಾಳ ಮನೆಯ ಬಾಗಿಲು ಎಂದಿನಂತೆ ತೆರೆದೇ ಇತ್ತು. ಒಳಗೆ ಮೀನಿನ ಪರಿಮಳ, ಜೋರು ವಾದ. ನಾನು ಮೆಟ್ಟಿಲ ಮೇಲೆ ನಿಂತೆ.

ವಿಜಯಾ ತಿರುಗಿ ನೋಡಿದಳು. "ಅಲ್ಲೇ ಯಾಕೆ ನಿಂತೆ? ನಿನ್ನನ್ನ ಬೇರೆ ಕರೀಬೇಕಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಮತ್ತೆ ವಾದಕ್ಕೆ ಮರಳಿದರು. ಯಾರೂ "ಬಾ" ಎನ್ನಲಿಲ್ಲ, ಅಲ್ಲಿ ಹಾಗೆನ್ನುವ ರೂಢಿಯಿಲ್ಲ. ಅದು ಗೊತ್ತಿದ್ದೂ ತುಸು ಹೊತ್ತು ಹೊಸ್ತಿಲ ಹೊರಗೇ ನಿಂತಿದ್ದೆ.