ಪೂರ್ವಕ್ಕೆ ಉಕ್ಕಿದ ಹಾಲು

ನಮ್ಮ ಪರಿಚಯದ ಒಬ್ಬ ಅಂಕಲ್ ಯಾರ ಮನೆಗೆ ಹೋದರೂ ಶೂ ಬಿಚ್ಚುವ ಮೊದಲು, ಜ್ವರ ನೋಡುವವರಂತೆ, ಗೋಡೆಗೆ ಅಂಗೈ ಒತ್ತಿ ಒಂದು ಕ್ಷಣ ನಿಲ್ಲುತ್ತಿದ್ದರು. ಫ್ರಾಂಕ್‌ಫರ್ಟ್‌ನಲ್ಲಿ ಕಟ್ಟಡ ಪರೀಕ್ಷಿಸುತ್ತಿದ್ದ ಎಂಜಿನಿಯರ್. ನಿವೃತ್ತರಾಗಿ ಸಿಡ್ನಿಗೆ ಮಗಳ ಬಳಿ ಬಂದಿದ್ದರು. ಫ್ರಾಂಕ್‌ಫರ್ಟ್‌ನ ಗಗನಚುಂಬಿಗಳ ಚರಿತ್ರೆ ಕೇಳಿದರೆ ಎತ್ತರದ ಮಾತೇ ಬರುತ್ತಿರಲಿಲ್ಲ. ಜೇಡಿಮಣ್ಣಿನ ಮೇಲೆ ಯಾವುದು ಎಷ್ಟು ವಾಲಿತು, ಜ್ಯಾಕ್ ಕೊಟ್ಟು ಹೇಗೆ ನೆಟ್ಟಗೆ ಮಾಡಿದರು ಎಂಬುದನ್ನಷ್ಟೇ ಹೇಳುತ್ತಿದ್ದರು. ಕೊನೆಗೆ ಒಂದೇ ಮಾತು: "ಕಟ್ಟಡ ಸುಮ್ನೆ ನಿಂತಿರಲ್ಲಪ್ಪ."

"ಪುರಾವೆ ಕೊಡಿ ಅಂಕಲ್," ಎಂದು ನಾನು ಪ್ರತಿ ಸಲ ಕೆಣಕುತ್ತಿದ್ದೆ.

ಅಕ್ಕ ಸಿಡ್ನಿಯದೇ ಬಡಾವಣೆಯಾದ ಲಿವರ್‌ಪೂಲ್‌ನಲ್ಲಿ ಹದಿನೆಂಟನೇ ಮಹಡಿಯ ಹೊಸ ಫ್ಲ್ಯಾಟ್ ಕೊಂಡಳು. ಗೃಹಪ್ರವೇಶದ ಬೆಳಿಗ್ಗೆ ಹಾಲು ಉಕ್ಕಿತು. "ಪೂರ್ವಕ್ಕೇ ಉಕ್ತು, ಶುಭ!" ಎಂದು ಆಂಟಿಯರು ಚಪ್ಪಾಳೆ ತಟ್ಟಿದರು.

"ಹಾಲಿಗೆ ದಿಕ್ಕು ಗೊತ್ತಾ ಆಂಟಿ?" ಎಂದೆ.

ಎಲ್ಲರೂ ನಕ್ಕರು. ಅಂಕಲ್ ನಗಲಿಲ್ಲ. ಪೂಜೆಯ ತಟ್ಟೆಯಿಂದ ನಿಂಬೆಹಣ್ಣು ತೆಗೆದು ಅಡುಗೆಮನೆಯ ನೆಲದ ಮೇಲಿಟ್ಟರು. ಅದು ಕೊಂಚ ತಡೆದು, ಯಾರೋ ಕರೆದಂತೆ ಪೂರ್ವಕ್ಕೆ ಉರುಳಿತು. ಬೆಡ್‌ರೂಮಿನಲ್ಲೂ ಪೂರ್ವಕ್ಕೆ. ಹೊರಗೆ ಕಾರಿಡಾರಿನಲ್ಲೂ.

"ಟೈಲ್ಸ್ ಸರಿಯಾಗಿ ಕೂರ್ಸಿಲ್ಲ, ಅಷ್ಟೆ," ಎಂದೆ.

"ಇರಬಹುದು," ಎಂದವರು ನಿಂಬೆಹಣ್ಣು ಹಿಡಿದು ಕೆಳಗಿನ ಮಹಡಿಗೆ ಹೋಗಿ ಬಂದರು. "ಅಲ್ಲೂ ಅದೇ ದಿಕ್ಕಪ್ಪ. ಗೋಡೆ ಬಿರುಕು ಬಿಟ್ಟಿದೆ. ಪುಡಿ ಇನ್ನೂ ಉದುರ್ತಿದೆ."

ಅಕ್ಕ ಒಲೆ ಆರಿಸಿ, ಮಲಗಿದ್ದ ಮಗುವನ್ನು ಎತ್ತಿಕೊಂಡಳು. ನಾನು ಲಿಫ್ಟಿನ ಬಟನ್‌ಗೆ ಕೈ ಚಾಚಿದೆ.

"ಅದು ಬೇಡ," ಎಂದರು ಅಂಕಲ್, ಮೆತ್ತಗೆ. "ಮೆಟ್ಟಿಲಲ್ಲೇ ಇಳಿಯೋಣ."