ಅವ್ವನಿಗೆ ‘ನೀವು’ ಎಂದ ಮೇಲೆ

ಮೊನ್ನೆ ಮುಂಬಯಿ ಹತ್ತಿರದ ಕಲ್ಯಾಣ ಸ್ಟೇಷನ್ನಿನ ಸೇತುವೆ ಇಳಿಯುತ್ತಿದ್ದಾಗ ಹಿಂದೆ ಯಾರೋ ಹೆಣ್ಣುಮಗಳು ತನ್ನ ಕೂಸನ್ನು ಕರೆದಳು: “ಲಗೂ ಬಾರವಾ, ಗಾಡ್ಯಾಗ ಜಾಗಾ ಐತಿ!” ಆ ‘ಗಾಡ್ಯಾಗ’ ಕಿವಿಗೆ ಬಿದ್ದದ್ದೇ ನಾನು ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಎಪ್ಪತ್ತರ ದಶಕದ ಡೊಂಬಿವಲಿ, ಚಾಳಿನ ನಮ್ಮ ಒಂದೇ ಖೋಲಿಯ ಮನೆ, ಸೀಮೆಎಣ್ಣೆಯ ವಾಸನೆಯ ನಡುವೆ ರೊಟ್ಟಿ ಬಡಿಯುವ ಸಪ್ಪಳ, ಭಿವಂಡಿಯ ಮಗ್ಗದಿಂದ ಬಂದ ಅಪ್ಪನ ಅಂಗಿಗೆ ಅಂಟಿದ ಹತ್ತಿಯ ಎಳೆ. ವಿಜಾಪುರದ ಕಡೆಯ ನಮ್ಮ ಬಾಯಲ್ಲಿ ಎಲ್ಲವೂ ‘ಮನ್ಯಾಗ’, ‘ಊರಾಗ’. ಅವ್ವನಿಗೆ ನಾನು ‘ನೀ’ ಅನ್ನುತ್ತಿದ್ದೆ, ಎದುರಿಗಿಲ್ಲದಾಗ ‘ಅಕಿ’. ಅದಕ್ಕಿಂತ ಹತ್ತಿರದ ಮಾತು ನಮ್ಮಲ್ಲಿರಲಿಲ್ಲ.

ಅಲ್ಲಿ ಟೀಚರನ್ನು ‘ಬಾಯಿ’ ಅನ್ನುವುದು; ಕನ್ನಡ ಶಾಲೆಯ ನಮ್ಮ ಬಾಯಿ ಕರಾವಳಿಯವರು. ಮನೆಯಲ್ಲಿ ತುಳು, ತರಗತಿಯಲ್ಲಿ ಪುಸ್ತಕದ ಕನ್ನಡ. ಪಾಲಕರ ಸಭೆಗೆ ತಾಯಿ ಯಾಕೆ ಬರಲಿಲ್ಲ ಎಂದು ಅವರು ಕೇಳಿದಾಗ ನಾನು, “ಅಕಿ ಮನ್ಯಾಗ ಅದಾಳ್ರಿ, ಆರಾಮಿಲ್ಲ” ಅಂದೆ. ಹುಡುಗರು ಗೊಳ್ಳೆಂದು ನಕ್ಕರು. ಬಾಯಿ ನಗಲಿಲ್ಲ. “ಹೆತ್ತ ತಾಯಿಗೆ ಹಾಗೆ ಹೇಳುವುದುಂಟಾ ಮಾರಾಯ್ತಿ? ಅವರು ಮನೆಯಲ್ಲಿ ಇದ್ದಾರೆ ಅಂತ ಹೇಳು.” ಕಿವಿಯ ತುದಿಯವರೆಗೆ ಬಿಸಿಯೇರಿ, ನಿಂತಲ್ಲೇ ಹಾಗೆ ಹೇಳಿದೆ.

ಆ ಸಂಜೆ ಅವ್ವ ನನ್ನ ಮುಂದೆ ಗಂಗಾಳ ಇಟ್ಟಾಗ, “ನೀವು ಊಟ ಮಾಡುವುದಿಲ್ಲವೇ?” ಎಂದು ಕೇಳಿದೆ. ಬಡಿಸುವ ಕೈ ನಿಂತಿತು. “ಯಾಕವಾ, ನಾ ಏನ್ ತಪ್ಪ ಮಾಡೀನಿ? ಹೊರಗಿನವರಿಗೆ ಅಂದಂಗ ಅಂತೀಯಲ್ಲ.” ಶಾಲೆಯಲ್ಲಿ ಆದದ್ದನ್ನು ಹೇಳಿದೆ. ನನ್ನ ಮುಖದ ನಾಚಿಕೆ ಅವ್ವನ ಮುಖಕ್ಕೆ ದಾಟಿದ್ದನ್ನು ಕಣ್ಣಾರೆ ಕಂಡೆ. “ಬಾಯಾರು ಕಲತವರು. ಅವರು ಹೇಳಿದಂಗ ಅನ್ನು,” ಅಂದು ರೊಟ್ಟಿಯ ಕಡೆಗೆ ತಿರುಗಿದಳು.

ಆಮೇಲೆ ಅವ್ವ ತಾನೂ ತಿದ್ದಿಕೊಳ್ಳಲು ಹೊರಟಳು. ನನ್ನ ತರಗತಿಯ ಗೆಳತಿ, ಹೋಟೆಲಿನವರ ಮಗಳು ವಿನಯಾ ನನ್ನನ್ನು ಹುಡುಕಿಕೊಂಡು ಬಂದಾಗ ಬಾಗಿಲಲ್ಲಿ ನಿಂತು, ತಡವರಿಸಿ, “ಮನೆಯಲ್ಯಾಗ ಇದ್ದಾಳೆ” ಅಂದಳು. ವಿನಯಾ ಕಿಸಕ್ಕನೆ ನಕ್ಕಳು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಂದಿನಿಂದ ನನ್ನ ಗೆಳತಿಯರ ಜೊತೆ ಅರೆಬರೆ ಹಿಂದಿಯಲ್ಲೇ ಮಾತು: “ಅಂದರ್ ಹೈ, ಬೈಠೋ.” ನಾನು ಕಾಲೇಜು ಸೇರುವ ಹೊತ್ತಿಗೆ ಮನೆಯೊಳಗೂ ಹಿಂದಿ, ಮರಾಠಿಯೇ ಹೆಚ್ಚಾಯಿತು. ಉಳಿದಿದ್ದ ಕನ್ನಡದಲ್ಲಿ ನಾನು ‘ನೀವು’ ಅನ್ನುತ್ತಿದ್ದೆ. ಒಮ್ಮೆ ಧೈರ್ಯ ಮಾಡಿ “ನೀ ಕೂಡು, ನಾ ಮಾಡ್ತೀನಿ” ಅಂದಾಗ ಅವ್ವ ಹೊಸಬಳಂತೆ ನಾಚಿ ಬಾಗಿಲ ಕಡೆ ನೋಡಿದಳು. ಮತ್ತೆ ಹಾಗೆ ಅನ್ನಲಿಲ್ಲ ನಾನು.

ಎಂಬತ್ತರ ದಶಕ ಮುಗಿಯುವ ಮೊದಲೇ ಅವ್ವ ತೀರಿಕೊಂಡಳು. ಇಲ್ಲಿ ‘ತೀರಿಕೊಂಡಳು’ ಎಂದು ಬರೆಯಲು ಬರುತ್ತದೆ, ಬಾಯಿಗೆ ಮಾತ್ರ ‘ತೀರಿಕೊಂಡರು’ ಎಂದೇ ಬರುತ್ತದೆ. ಊರಿನಿಂದ ಬಂದ ಅವ್ವನ ಅಕ್ಕ, ಕಣ್ಣು ಮಂಜಾದ ದೊಡ್ಡವ್ವ, ನನ್ನ ಎರಡೂ ಕೈ ಹಿಡಿದು ಕಡೆಗಾಲದಲ್ಲಿ ಏನಾಯಿತೆಂದು ಕೇಳಿದಳು. “ಅವರು ಏನೂ ಹೇಳಲಿಲ್ಲ ದೊಡ್ಡವ್ವ. ಅವರಿಗೆ ಉಸಿರು ಸಾಲುತ್ತಿರಲಿಲ್ಲ,” ಅಂದೆ. ದೊಡ್ಡವ್ವ ಗಲಿಬಿಲಿಗೊಂಡು ಖೋಲಿಯಲ್ಲಿ ಕೂತಿದ್ದವರನ್ನೆಲ್ಲ ಒಮ್ಮೆ ನೋಡಿದಳು.

“ಯಾರವಾ ಅವರು? ನಾ ನಿಮ್ಮವ್ವನ ಸುದ್ದಿ ಕೇಳಾಕತ್ತೀನಿ.”